ಬಲಗಡೆಯ ಸ್ಪೀಕರ್

ಅಯ್ಯಯ್ಯೋ! ಹಿಂದಿನಿಂದ ಬಂದು ಹೀಗೆ ಮುಟ್ಬೇಡ ಅಂತ ಎಷ್ಟು ಸಲ ಹೇಳ್ಬೇಕೋ ನಿಂಗೆ? ಎದೆ ಧಸಕ್ ಅಂತು. ಕೂಗಿದ್ಯಾ? ಯಾವಾಗ ಕೂಗ್ದೆ? ಹೋಗ್ಲಿ ಬಿಡು, ನಿನ್ನ ಅಂಗಡಿ ಮುಂದೆ ಲಾರಿಗಳ ಗಲಾಟೇಲಿ ಯಾರ ಕೂಗು ಯಾರಿಗೆ ಕೇಳ್ಸತ್ತೆ... ಲಾರಿ ಇಲ್ವಾ? ಈಗಿಲ್ಲ ಕಣೋ. ಆಗ್ಲೇ ಒಂದು ಹೋಯ್ತು.

ಯಾಕೆ ನಗ್ತೀಯ? ಒಡಹುಟ್ಟಿದ ತಮ್ಮ ಅಂತ ನಿನ್ನ ಹತ್ರಾನೇ ಬಂದ್ರೆ ಅಕ್ಕನ್ನ ನೋಡಿ ಹಲ್ಲು ಕಿರೀತಾನೆ! ಕಾರಿಗೆ ಸ್ಟೀರಿಯೋ ಕೂರ್ಸೋನು ಊರಲ್ಲಿ ನೀನೊಬ್ನೇನಾ?

ಸರಿ, ತೋರ್ಸು. ಇದಾ? ಬೇಡಪ್ಪಾ, ಇದ್ರ ಪರದೆ ನೋಡು, ಊಟದ ತಟ್ಟೆ ಅಷ್ಟಿದೆ. ನನ್ನ ಕಾರಲ್ಲಿರೋದು ಇಷ್ಟೇ ಇಷ್ಟು ಚಪ್ಪಟೆ ಕಿಂಡಿ. ಇದನ್ನ ತುರುಕೋಕೆ ಡ್ಯಾಶ್‌ಬೋರ್ಡೇ ಕೊಯ್ಬೇಕಾಗತ್ತೆ. ಮುದಿ ಗಾಡಿ, ಪಾಪ. ನಿನ್ನ ಮದುವೆಗೂ ಮುಂಚಿಂದ ಶಾಲೆ ಮಕ್ಕಳನ್ನ ಹೊತ್ತು ನಂಗೆ ಅನ್ನ ಹಾಕ್ತಿದೆ... ಏನಂದೆ? ತಲೆ ಬಗ್ಗಿಸ್ಕೊಂಡು ಗೊಣಗ್ಬೇಡ, ನನ್ನ ಕಡೆ ನೋಡಿ ಹೇಳು. ಹಾಂ, ತಿರುಗ್ಸೋ ಗುಂಡಿ ಇರೋದು. ಅದೇ ಬೇಕು. ಪರದೆ ಒತ್ತಿಕೊಂಡು ಕೂತ್ರೆ ರಸ್ತೆ ಯಾರು ನೋಡ್ತಾರೆ? ನಂಗೀಗ ಕಣ್ಣೇ... ಏನಿಲ್ಲ. ಅದನ್ನೇ ಹಾಕು. ಸದ್ದು ಜೋರಾಗಿ ಬರತ್ತೆ ತಾನೇ? ಬೀದಿಗೆಲ್ಲ ಕೇಳ್ಸೋ ಅಷ್ಟು?

ಹಳೇದಕ್ಕೆ ಏನಾಗಿದೆ ಅಂತ ಇನ್ನೆಷ್ಟು ಸಲ ಕೇಳ್ತೀಯೋ! ಬಲಗಡೆ ಸ್ಪೀಕರ್ ಸತ್ತಿದೆ ಅಂದ್ನಲ್ಲ. ಮೊದ್ಲು ಬಲಗಡೇದು. ಆಮೇಲೆ ಎಡಗಡೇದೂ ಮೆತ್ತಗಾಗ್ತಾ ಬಂತು, ಯಾರೋ ಮೇಲೆ ಕಂಬಳಿ ಹೊದಿಸಿದ ಹಾಗೆ. ನೋಡಿದ್ಯಾ? ಎರಡೂ ಚೆನ್ನಾಗಿವೆಯಾ? ಸರಿಯಾಗಿ ನೋಡಿಲ್ಲ ನೀನು. ಇಲ್ಲ, ವೈರ್ ಇರ್ಬೇಕು. ಒಳಗೆ ಎಲ್ಲೋ ವೈರ್ ಲೂಸಾಗಿದೆ. ನೀನು ಬಿಚ್ಚು, ಬಿಚ್ಚಿದ್ರೆ ಗೊತ್ತಾಗತ್ತೆ.

ನಾನು ಇಲ್ಲೇ ಕಾರಲ್ಲೇ ಕೂತಿರ್ತೀನಿ. ಟಾರ್ಚ್ ಹಿಡೀತೀನಿ ಕೊಡು. ನೀನು ಕೆಳಗೆ ಬಗ್ಗಿ ಕೆಲಸ ಮಾಡ್ತಿರು, ಮಾತು ನಾನಾಡ್ತೀನಿ... ಅಬ್ಬಾ, ಬಂತಾ ಹೊರಗೆ! ಏನು ವೈರೋ ಇದು, ತಲೆ ಬಾಚದ ಹುಡುಗಿ ಕೂದಲ ಥರ. ಹೊಸದಕ್ಕೆ ಹಳೇ ಕೊಂಡಿ ಕೂರಲ್ವಾ? ಒಂದೊಂದೇ ವೈರ್ ಕತ್ತರಿಸಿ ಜೋಡಿಸ್ಬೇಕಾ? ಜೋಡಿಸು, ಜೋಡಿಸು. ಟೇಪ್ ಗಟ್ಟಿಯಾಗಿ ಸುತ್ತು. ಕೆಂಪಿಗೆ ಕೆಂಪು, ಹಳದಿಗೆ ಹಳದಿ... ನಂಗೂ ಬರತ್ತೆ ನೋಡು!

ಏನು? ಎದ್ದು ಹೇಳು. ಮುಖ ಮೇಲೆತ್ತಿ ಹೇಳು.

ಗುಬ್ಬಿನಾ? ನಿನ್ನ ಮಗಳು ನನ್ನ ಕಾರಲ್ಲಿ ಬರಲ್ಲ ಅಂತಾಳಾ? ಯಾಕಂತೆ? ...ಅಳ್ತಾಳಾ? ಬೆಳಿಗ್ಗೆ ಬ್ಯಾಗ್ ಹಾಕ್ಕೊಂಡ ತಕ್ಷಣ ಅಳು ಶುರು ಮಾಡ್ತಾಳಾ? ಮಕ್ಕಳು ಕಣೋ. ಶಾಲೆಗೆ ಹೋಗೋಕೆ ಬೇಜಾರು, ಅದಕ್ಕೆ ಅತ್ತೆ ಕಾರು ಒಂದು ನೆಪ. ಬೇರೆ ಏನಾದ್ರೂ ಹೇಳಿದ್ಲಾ? ಏನೂ ಇಲ್ವಾ? ನಿಜ ಹೇಳು... ನಾನ್ಯಾಕೆ ಬೆವರ್ತೀನಿ? ಬಾಗ್ಲು ಹಾಕ್ಕೊಂಡು ಕೂತಿದೀನಲ್ಲ, ಸೆಕೆ.

ಮುಗೀತಾ? ಕೂರ್ಸಿದ್ಯಾ? ಪರ್ವಾಗಿಲ್ಲ, ಅಚ್ಚುಕಟ್ಟಾಗಿದೆ. ಹಾಕು, ಏನಾದ್ರೂ ಹಾಡು ಹಾಕು. ಹಾಕಿದ್ಯಾ? ...ಹಾಂ, ಹಾಂ, ಬಂತು. ಸ್ವಲ್ಪ ಜಾಸ್ತಿ ಮಾಡು. ಇನ್ನೂ ಸ್ವಲ್ಪ. ಏನೋ ಇದು, ಪಕ್ಕದ ಮನೇಲಿ ಹಾಡಿದ ಹಾಗಿದೆ. ಹೊಸ ಸೆಟ್ ಅಂತೀಯ, ಇದೂ ಹಳೇದ್ರ ಥರಾನೇ... ಬಿಡು, ಗುಂಡಿ ನಾನೇ ತಿರುಗಿಸ್ತೀನಿ.

ಅದ್ಯಾಕೆ ಎದುರಿನ ಟೈರ್ ಅಂಗಡಿಯವ್ರೆಲ್ಲ ಹೊರಗೆ ಬಂದು ನಿಂತಿದಾರೆ? ಆ ಅಜ್ಜ ಯಾಕೆ ಕಿವಿ ಮುಚ್ಕೊಂಡಿದಾರೆ?

ಪುಟ್ಟಾ... ನೀನ್ಯಾಕೆ ಕಿವಿ ಮುಚ್ಕೊಂಡಿದೀಯ?

...ಗುಂಡಿ ಇನ್ನು ತಿರುಗ್ತಾ ಇಲ್ಲ. ಕೊನೇವರೆಗೂ ತಿರುಗ್ಸಿದೀನಾ? ಬಾಗ್ಲು ನಡುಗ್ತಿದೆ. ಸೀಟೂ... ಕಾಲ ಕೆಳಗೂ ನಡುಗ್ತಿದೆ.

ಆರ್ಸು. ಆರ್ಸೋ ಅದನ್ನ!

ಹಾಗೆ ನೋಡ್ಬೇಡ ನನ್ನ. ಒಂದ್ನಿಮಿಷ. ಹೇಳ್ತೀನಿ. ನೆಗಡಿ ಕಣೋ, ನೆಗಡಿಯಾದಾಗ ಕಿವಿ ಕಟ್ಟತ್ತೆ... ಇಲ್ಲ. ನೆಗಡಿ ಅಲ್ಲ. ಅಮ್ಮನಿಗೂ ಬಲಗಿವಿಯಿಂದಾನೇ ಶುರುವಾಗಿದ್ದು. ನೆನಪಿದ್ಯಾ ನಿಂಗೆ? ಮನೆಗೆ ಬಂದೋರು ಅವಳ ಎದುರಿಗೇ ಅವಳ ಬಗ್ಗೆ ಮಾತಾಡ್ತಿದ್ರು. ಅವಳು ಎಲ್ಲರ ಮುಖ ನೋಡ್ತಾ ಕೂತಿರೋಳು. ಎಲ್ಲರೂ ನಕ್ಕಾಗ ತಾನೂ ನಗೋಳು. ನಾನೂ ಈಗ ಹಾಗೇ ಮಾಡ್ತೀನಿ ಕಣೋ. ಮಕ್ಕಳನ್ನ ಹತ್ತಿಸೋಕೆ ಬರೋ ತಾಯಂದಿರು ಏನೋ ಹೇಳ್ತಾರೆ, ನಾನು ಹೂಂ ಅಂತ ನಗ್ತೀನಿ. ಏನಂದ್ರು ಅಂತಾನೇ ಗೊತ್ತಿರಲ್ಲ. ಡಾಕ್ಟರ್ ಹತ್ರ ಹೋಗಿಲ್ಲ. ಹೋದ್ರೆ ಹೌದು ಅಂದ್ಬಿಡ್ತಾರೆ. ಆಮೇಲೆ ಯಾರು ಮಕ್ಕಳನ್ನ ಕಳಿಸ್ತಾರೆ ನನ್ನ ಜೊತೆ?

ಗುಬ್ಬೀನಾ... ಹೇಳ್ಲೇಬೇಕಾ? ಮೊನ್ನೆ ನಾಲ್ಕು ರಸ್ತೆ ಸೇರೋ ಕಡೆ ಸಿಗ್ನಲ್ ಹಸಿರಾಯ್ತು, ನನ್ನ ಪಾಡಿಗೆ ನಾನು ಹೊರಟೆ. ಕನ್ನಡೀಲಿ ನೋಡಿದ್ರೆ ಹಿಂದಿನ ಸೀಟಲ್ಲಿ ಗುಬ್ಬಿ ಬಾಯಿ ತೆರ್ಕೊಂಡಿದ್ಲು. ಇಷ್ಟಗಲ. ನಾನೇನಂದ್ಕೊಂಡೆ ಗೊತ್ತಾ? ಆಕಳಿಸ್ತಿದಾಳೆ ಅಂದ್ಕೊಂಡೆ. ಪಾಪ, ರಾತ್ರಿ ನಿದ್ದೆ ಸಾಕಾಗಿಲ್ಲ ಅಂದ್ಕೊಂಡೆ! ಅವಳು ಕಿರಿಚ್ತಿದ್ಲು ಕಣೋ. ಪಕ್ಕದ ರಸ್ತೆಯಿಂದ ಬೆಂಕಿ ಆರ್ಸೋ ಗಾಡಿ ಬರ್ತಿತ್ತು, ಸೈರನ್ ಹಾಕ್ಕೊಂಡು. ಊರೆಲ್ಲ ನಿಂತಿತ್ತು, ನಾನೊಬ್ಳೇ ಹೋಗ್ತಿದ್ದೆ. ಕೆಂಪಗೆ ಗೋಡೆ ಥರ ಎದುರಿಗೆ ಬಂದಾಗಲೇ ನಾನು ನೋಡಿದ್ದು. ಬ್ರೇಕ್ ಒತ್ತಿದೆ. ಇಷ್ಟೇ, ಒಂದು ಗೇಣು... ಡ್ರೈವರ್ ಇಳಿದು ಬಂದು ಬಾನೆಟ್ ಗುದ್ದಿದ. ಬಾಯಿಗೆ ಬಂದ ಹಾಗೆ ಬೈದ ಅನ್ಸತ್ತೆ. ನಾನು ಅವನ ಮುಖಾನೇ ನೋಡ್ತಾ ಕೂತಿದ್ದೆ. ಗುಬ್ಬೀಗೆ ನಾನೇ ಹೇಳ್ದೆ, ಅಪ್ಪನಿಗೆ ಹೇಳ್ಬೇಡ ಚಿನ್ನ, ಅಪ್ಪ ಹೆದರ್ತಾನೆ ಅಂತ.

ಸ್ಟೀರಿಯೋ ಯಾಕೆ ಅಂತೀಯಾ? ಜೋರಾಗಿ ಹಾಡು ಹಾಕ್ಕೊಂಡಿದ್ರೆ... ಹಾಡಿನ ಸದ್ದಲ್ಲಿ ಹಾರ್ನ್ ಕೇಳ್ಸ್ಲಿಲ್ಲ ಅನ್ಬಹುದಲ್ಲ. ಹಾಡಿನ ಹುಚ್ಚು ಅಂತಾರೆ. ಕಿವುಡಿ ಅನ್ನಲ್ಲ.

ಏನಾದ್ರೂ ಅನ್ನೋ. ಬೈಯಿ. ಕಾರೊಳಗೆ ಇಬ್ಬರೇ ಇದೀವಿ, ಬೈದುಬಿಡು. ನಿನ್ನ ತುಟೀನೇ ನೋಡ್ತಿದೀನಿ, ಅಲ್ಲಾಡ್ತಿಲ್ಲ. ಮೆತ್ತಗೆ ಹೇಳಿದ್ರೂ ಸಾಕು, ಎದುರಿಗಿದ್ರೆ ನಂಗೆ ಗೊತ್ತಾಗತ್ತೆ... ಕೀ ಯಾಕೆ ತೆಗೀತಿದೀಯ? ಪುಟ್ಟಾ, ಕೀ ಯಾಕೆ ಜೇಬಿಗೆ ಹಾಕ್ಕೊಂಡೆ? ಕೊಡಿಲ್ಲಿ. ಶಾಲೆ ಬಿಡೋ ಹೊತ್ತಾಯ್ತು, ಮಕ್ಕಳು ಗೇಟಲ್ಲಿ ಕಾಯ್ತಿರ್ತಾರೆ. ಇವತ್ತೊಂದಿನ ಕೊಡೋ. ನಿಧಾನಕ್ಕೆ ಹೋಗ್ತೀನಿ.

ಎಲ್ಲಿಗೆ ಹೊರಟೆ? ಯಾಕೆ ಅಲ್ಲಿ ಹೋಗಿ ನಿಂತೆ, ಗೋಡೆ ಕಡೆ ಮುಖ ಮಾಡ್ಕೊಂಡು?

ಬೆನ್ನು ಅಲ್ಲಾಡ್ತಿದೆ ನಿಂದು. ಯಾರಿಗಾದ್ರೂ ಫೋನ್ ಮಾಡ್ತಿದೀಯಾ? ನನ್ನ ಬೈತಿದೀಯಾ? ...ಅಳ್ತಿದೀಯಾ?

ತಿರುಗೋ. ಒಂದ್ಸಲ ಈ ಕಡೆ ತಿರುಗು, ಪುಟ್ಟಾ. ಬೆನ್ನು ಹಾಕ್ಕೊಂಡು ಅತ್ರೆ ನಂಗೆ ಗೊತ್ತಾಗಲ್ಲ ಕಣೋ.