ಗಂಗಾ ಬೈದಳು

ಎರಡು ಸಾವಿರದ ಏಳರ ಒಂದು ಬೆಳಿಗ್ಗೆ ಮಾಲಿನಿ ಕುಮಟಾ ಬಸ್‌ಸ್ಟ್ಯಾಂಡಿನಲ್ಲಿ ಹೊನ್ನಾವರದ ಬಸ್ಸಿಗೆ ಕಾಯುತ್ತಿದ್ದಳು. ಅದೇ ಬೆಂಚಿನಲ್ಲಿ ಅವಳು ಮುಖಪರಿಚಯದಿಂದ ಬಲ್ಲ ಕಾಗಾಲದ ಬೀರಪ್ಪ, ತಂಗಿ ನಾಗವೇಣಿಯ ಜೊತೆ ಕೂತಿದ್ದ.

"ಗಂಗಾ ಅತ್ತಿಗೆಗೆ ತಲೆ ಆಪರೇಶನ್ ಚಲೋ ಆಗಿತ್ತಲ, ಮತ್ತೆಂತ ಆತು?" ಎಂದು ನಾಗವೇಣಿ ಅಣ್ಣನನ್ನು ಕೇಳಿದಳು.

"ಮಿದುಳಿಗೇ ನಂಜು ಏರ್ತು. ಎಷ್ಟು ಬಗೆ ಇಂಜೆಕ್ಷನ್ ಕೊಟ್ರೂ ಆ ಕ್ರಿಮಿ ಜಗ್ಗಲಿಲ್ಲ."

"ಮತ್ತೆ?"

"ಒಂದು ಹಳೇ ಔಷಧ ಇತ್ತಂತೆ. ಕಿಡ್ನಿಗೆ ಕೆಟ್ಟದು ಅಂತ ಬಿಟ್ಟಿದ್ರಂತೆ. ಅದನ್ನೇ ನಳಿಗೆಯಲ್ಲಿ ನೇರ ತಲೆಯೊಳಗೆ ಬಿಡ್ತೇವೆ, ಸಹಿ ಹಾಕಿ ಅಂದ್ರು ಡಾಕ್ಟರು."

"ಹಾಕಿದ್ಯಾ?"

"ಹಾಕಿದೆ."

ಮಾಲಿನಿ ಕೇಳಿಸದವಳಂತೆ ರಸ್ತೆಯತ್ತ ನೋಡಿದಳು.

"ಹದಿನೈದು ದಿನ ಕೊಟ್ರು. ತಲೆಯೊಳಗಿನ ನೀರಲ್ಲಿದ್ದ ಕೀವು ಹೋಗಿ ತಿಳಿ ಆತು. ಮೊನ್ನೆ ಕಣ್ಣು ಬಿಟ್ಟು ನನ್ನನ್ನೇ ನೋಡಿದ್ಲು."

"ಎಂತ ಅಂದ್ಲು?"

"ಇದೆಂತ ಗಡ್ಡ, ಜನ ನೋಡಿದ್ರೆ ಎಂತ ಹೇಳ್ತಾರೆ ಅಂತ ಬೈದ್ಲು."

ನಾಗವೇಣಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಷ್ಟರಲ್ಲಿ ಬೀರಪ್ಪ ಆಸ್ಪತ್ರೆಗೆ ಮರಳಬೇಕಿದ್ದ ಮಂಗಳೂರಿನ ಬಸ್ಸು ಬಂತು.

"ಅಣ್ಣಾ, ಮನೆಗೆ ಬಂದ್ರೂ ಗಡ್ಡ ಬೋಳಿಸ್ಕಂಡೇ ಇಲ್ಲಲ!"

"ಇರ್ಲಿ. ಇನ್ನೊಂದು ಸಲ ಬೈಲಿ," ಎಂದು ಬೀರಪ್ಪ ಚೀಲ ಹೆಗಲಿಗೇರಿಸಿ ಬಸ್ಸು ಹತ್ತಿದ.