ಎರಡು ತಳದ ಕೆರೆ

ದೀಪ ಸಣ್ಣ ಮಾಡಿ. ಒಲೆಯ ಬೆಳಕು ಸಾಕು. ಇದು ಗಟ್ಟಿಯಾಗಿ ಹೇಳುವ ಸಂಗತಿಯಲ್ಲ... ನೀವು ಜೀವ ತಿನ್ನುತ್ತಿದ್ದೀರಿ ಅಂತ ಹೇಳುತ್ತಿದ್ದೇನೆ, ಅಷ್ಟೇ. ಕಟ್ಟುಕತೆ ಬೇಕಿದ್ದರೆ ಬೇರೆಯವರನ್ನು ಕೇಳಿ, ನನಗೆ ಅದು ಬರುವುದಿಲ್ಲ. ಇದು ನನ್ನ ಚಿಕ್ಕಪ್ಪನ ಮಗಳು ಅನ್ನಿಗೆ ಆದದ್ದು.

ಆ ರಾತ್ರಿ ಅನ್ನಿ ಮತ್ತು ಅವಳ ಗಂಡ ಸಮ್ಮೆಲಿ ಗುಡ್ಡದ ದಾರಿಯಲ್ಲಿ ನಡೆಯುತ್ತಿದ್ದರು. ಮುಂದೆ ಅವನು, ಕೈಯಲ್ಲಿ ಲಾಟೀನು. ಹಿಂದೆ ಅವಳು, ಬೆನ್ನಿಗೆ ಖಾಲಿ ಬುಟ್ಟಿ. ನೆಲದ ಪಾಚಿ ಹೆಪ್ಪುಗಟ್ಟಿತ್ತು. ಹೆಜ್ಜೆ ಇಟ್ಟಲ್ಲೆಲ್ಲ ಕರಕ್... ಕರಕ್...

ಮದುವೆಯಾಗಿ ಒಂದು ವರ್ಷ ಆಗಿತ್ತು. ಸಮ್ಮೆಲಿ ಅಂದರೆ ಮಾತಿನ ಮಲ್ಲ. ನಮ್ಮ ಹಿಮನಾಡಿನ ಇನಾರಿ ಸರೋವರದ ಈ ದಡದಲ್ಲಿ ಅವನು ಬಾಯಿ ತೆರೆದರೆ ಆ ದಡದ ನಾಯಿಗಳು ಬೊಗಳುತ್ತಿದ್ದವು. ಬಲೆ ಹೆಣೆಯುವಾಗ ಮಾತು, ಊಟದಲ್ಲಿ ಮಾತು, ನಿದ್ದೆಯಲ್ಲೂ ಮಾತು. ಅನ್ನಿ ದಿನಕ್ಕೆ ಹತ್ತು ಸಲ ಬಯ್ಯುತ್ತಿದ್ದಳು. ಆದರೆ ಅವಳು ಅವನನ್ನು ಮೆಚ್ಚಿ ಕಟ್ಟಿಕೊಂಡದ್ದೇ ಆ ಮಾತಿಗೆ, ಅದು ನಮಗೆಲ್ಲ ಗೊತ್ತಿತ್ತು.

ಸಿಡಿಲು ಬಡಿದ ಪೈನ್ ಮರದ ಹತ್ತಿರ ಇಬ್ಬರೂ ನಿಂತರು. ಆ ಮರದಿಂದಾಚೆಗೆ ಮಾತಿಲ್ಲ. ಮರದ ಬುಡದ ಕಲ್ಲಿಗೆ ಸಮ್ಮೆಲಿ ಕಾಣಿಕೆಯೆಂದು ಮೀನಿನ ಕೊಬ್ಬು ಸವರಿದ.

"ಇಡೀ ರಾತ್ರಿ ಬಾಯಿ ಮುಚ್ಕೊಂಡಿದ್ರೆ ನಂಗೆ ತುಕ್ಕು ಹಿಡಿಯುತ್ತೆ ಅನ್ನಿ," ಅಂತ ಪಿಸುಗುಟ್ಟಿದ.

"ಹಿಡೀಲಿ ಬಿಡು. ನನ್ನ ಕಿವಿಗೂ ಒಂದಿನ ರಜಾ ಸಿಗ್ಲಿ."

"ನೋಡ್ತಿರು, ಮೊದ್ಲು ಬಾಯಿ ಬಿಡೋಳು ನೀನೇ."

"ಸಾಕು ನಡಿ, ಕಂಡಿದೀನಿ."

ಅವನು ನಗುತ್ತ ಟೋಪಿಯನ್ನು ಕಿವಿಯವರೆಗೆ ಎಳೆದುಕೊಂಡ. ಆಮೇಲೆ ಮಾತು ನಿಂತಿತು.

ಗತಿಯಿಲ್ಲದೆ ಹೊರಟದ್ದು ಅವರು. ಆ ವರ್ಷ ಶರತ್ಕಾಲದ ಮೊದಲ ಬಿರುಗಾಳಿಯೇ ದೊಡ್ಡ ಸರೋವರದಲ್ಲಿ ಬಿಟ್ಟಿದ್ದ ಬಲೆಗಳನ್ನೆಲ್ಲ ಹೊತ್ತುಕೊಂಡು ಹೋಗಿತ್ತು. ಉಳಿದ ಒಂದೆರಡು ಹರಕು ಬಲೆಗೆ ಕಡ್ಡಿ, ಪಾಚಿ ಬಿಟ್ಟರೆ ಏನೂ ಬೀಳುತ್ತಿರಲಿಲ್ಲ. ಚಳಿಗಾಲ ಬಾಗಿಲಿಗೆ ಬಂದಿತ್ತು, ಉಪ್ಪುಮೀನಿನ ಪೀಪಾಯಿ ಖಾಲಿ ಬಿದ್ದಿತ್ತು. ಆಗ ಸಮ್ಮೆಲಿಯ ತಾಯಿ ಕೈಸಾ ಒಲೆ ಮುಂದೆ ಕೂತು, ಇಷ್ಟವಿಲ್ಲದ ಮನಸ್ಸಿನಿಂದ, ಗುಡ್ಡದಾಚೆಯ ಕೆರೆಯ ಮಾತೆತ್ತಿದ್ದಳು.

ಆ ಕೆರೆಗೆ ಎರಡು ತಳ ಅಂತ ನಮ್ಮಲ್ಲಿ ಹೇಳುತ್ತಾರೆ. ನೀರು ಎಷ್ಟು ತಿಳಿ ಅಂದರೆ ಬೇಸಿಗೆಯಲ್ಲಿ ಬಗ್ಗಿ ನೋಡಿದರೆ ದೋಣಿ ಗಾಳಿಯಲ್ಲಿ ತೂಗುತ್ತಿದೆಯೇನೋ ಅನ್ನಿಸಿ ತಲೆ ತಿರುಗುತ್ತದೆ. ಕಾಣುವ ತಳದ ಕೆಳಗೆ ಇನ್ನೊಂದು ಕೆರೆ ಇದೆಯಂತೆ. ಅಲ್ಲೂ ಜನ, ಅಲ್ಲೂ ದೋಣಿ. ಮೇಲೆ ಸದ್ದಾದರೆ ಮೀನು ಒಂದೂ ಉಳಿಯದಂತೆ ಕೆಳಗಿನ ಕೆರೆಗೆ ಇಳಿದುಬಿಡುತ್ತದೆ.

"ಮೀನು ಹೋದ್ರೆ ಹೋಗ್ಲಿ," ಅಂದಿದ್ದಳು ಕೈಸಾ. "ಹೆಸರು ಮಾತ್ರ ಆಡಬೇಡಿ. ಅಲ್ಲಿ ಯಾರ ಹೆಸರು ಬಿತ್ತೋ, ಅದು ಕೆಳಗಿನೋರಿಗೆ ಸಿಕ್ಕಂಗೆ. ಹುಟ್ಟು ಹಾಕೋಳು ತಿರುಗಿ ನೋಡಬಾರದು. ಬಲೆ ಎಳೆಯೋನು ಬಾಯಿ ಬಿಡಬಾರದು. ತಿಳೀತಾ ಅನ್ನಿ?"

"ನನಗ್ಯಾಕೆ ಹೇಳ್ತೀರಿ ಅತ್ತೆ, ನಿಮ್ಮ ಮಗನಿಗೆ ಹೇಳಿ."

ಅದಕ್ಕೆ ಕೈಸಾ ಕೂಡ ನಕ್ಕುಬಿಟ್ಟಿದ್ದಳು.

ಆ ಕೆರೆಯಲ್ಲಿ ಮಾತಿನ ಬದಲು ತಟ್ಟುವುದು ವಾಡಿಕೆ. ಮೀನಿನ ತಲೆಗೆ ಹೊಡೆಯುವ ಮರದ ಕೊಡತಿಯಿಂದ ದೋಣಿಯ ಅಂಚಿಗೆ ಒಂದು ಸಲ ಟಕ್ ಅಂದರೆ ಮುಂದೆ ಹೋಗು. ಟಕ್ ಟಕ್ ಅಂದರೆ ನಿಲ್ಲಿಸು. ಬಲೆ ಎಳೆಯುವವನು ದೋಣಿಯ ಮೂತಿಯಲ್ಲಿ ಕೂರುತ್ತಾನೆ. ಹುಟ್ಟು ಹಾಕುವವಳು ಅವನಿಗೆ ಬೆನ್ನು ಮಾಡಿ ಕೂರುತ್ತಾಳೆ. ಮರಳಿ ದಡಕ್ಕೆ ಬರುವವರೆಗೆ ಅವಳಿಗೆ ಅವನು ಕಾಣುವುದಿಲ್ಲ, ಬರೀ ಸದ್ದು.

ಕೆರೆಯ ದಡಕ್ಕೆ ಬಂದದ್ದಾಯಿತು. ಬಲೆ ಹಗಲಲ್ಲೇ ಬಿಟ್ಟು ಹೋಗಿದ್ದರು. ಅನ್ನಿ ದೋಣಿ ಹತ್ತಿ ಹಲಗೆ ಮೇಲೆ ಕೂತು ಹುಟ್ಟು ಹಿಡಿದಳು. ಸಮ್ಮೆಲಿ ಲಾಟೀನು ಆರಿಸಿದ. ದಡದ ಮರದ ಕೊಂಬೆಗೆ ಅದನ್ನು ನೇತುಹಾಕುವಾಗ ಹಿಡಿ ಕಿರ್ರ್ ಅಂದಿತು. ಆಮೇಲೆ ಬೆನ್ನ ಹಿಂದೆ ಜಲ್ಲಿಕಲ್ಲಿನ ಮೇಲೆ ದೋಣಿ ಜಾರಿದ ಸದ್ದು... ಸರ್ರ್... ಆಮೇಲೆ ಒಂದು ಗಳಿಗೆ ಏನೂ ಇಲ್ಲ. ಆಮೇಲೆ ಮೂತಿ ತಗ್ಗಿತು. ಯಾರೋ ಹತ್ತಿ ಕೂತ ಭಾರ.

ಟಕ್.

ಅವಳು ಹುಟ್ಟು ಹಾಕಿದಳು.

ಗಾಳಿ ಇರಲಿಲ್ಲ. ಹುಟ್ಟಿನ ತುದಿಯಿಂದ ಹನಿ ಬೀಳುವುದು ಕೂಡ ಕೇಳುತ್ತಿತ್ತು. ತೊಟ್... ತೊಟ್... ದೋಣಿ ಬಲೆಯ ತಾಣಕ್ಕೆ ಬಂದಾಗ ಟಕ್ ಟಕ್. ನಿಲ್ಲಿಸಿದಳು. ಒದ್ದೆ ಹಗ್ಗ ಅಂಚಿಗೆ ಉಜ್ಜುವ ಸದ್ದು ಶುರುವಾಯಿತು. ನಮ್ಮ ಹೆಣ್ಣುಮಕ್ಕಳಿಗೆ ಮೀನನ್ನು ಕಣ್ಣಲ್ಲಿ ನೋಡಬೇಕಾಗಿಲ್ಲ, ದೋಣಿಗೆ ಬಿದ್ದ ಸದ್ದಿನಲ್ಲೇ ಗೊತ್ತಾಗುತ್ತದೆ. ಪತ್ ಅಂತ ಮೆತ್ತಗೆ ಬಿದ್ದದ್ದು ಬಿಳಿಮೀನು. ಚರಚರ ಅಂತ ಮುಳ್ಳು ಕೆರೆದದ್ದು ಪಟ್ಟೆಮೀನು. ದಡಬಡ ಹಲಗೆಗೆ ಬಾಲ ಬಡಿದು ಕೊಡತಿ ಏಟು ತಿಂದದ್ದು ಈಟಿಮೂತಿಯ ದೊಡ್ಡ ಮೀನು. ಲೊಚ್ ಅಂತ ಬಿದ್ದು ಗೊರ್ ಅಂದದ್ದು ಗಡ್ಡದ ಮೀನು. ಆಮೇಲೆ ಕೆಂಪುಹೊಟ್ಟೆಯದು, ಅದು ಆಳ ಬಿಟ್ಟು ಬರುವುದೇ ಇಲ್ಲ. ಅದರ ಹಿಂದೆಯೇ ಮತ್ತೆ ಪಟ್ಟೆಮೀನು, ಅದು ದಡದ ಜೊಂಡು ಬಿಟ್ಟು ಹೋಗುವುದೇ ಇಲ್ಲ.

ಒಂದೇ ಬಲೆಯಲ್ಲಿ ಅವೆಲ್ಲ ಒಟ್ಟಿಗೆ ಬೀಳುವುದುಂಟೇ? ಅನ್ನಿಗೆ ಅದು ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಖಾಲಿ ಪೀಪಾಯಿ ನೋಡಿ ನೋಡಿ ಬೇಸತ್ತವಳು ಅವಳು, ಪ್ರತಿ ಸದ್ದಿಗೂ ಅವಳ ಎದೆ ಹಿಗ್ಗುತ್ತಿತ್ತು. ಮೀನು ಅವಳ ಕಾಲ ಹತ್ತಿರದವರೆಗೂ ಬಂತು. ಬೂಟಿನ ಮೇಲೆ ಬಂತು. ದೋಣಿ ತಗ್ಗುತ್ತ ಹೋಯಿತು, ನೀರು ಅಂಚಿಗೆ ಒಂದು ಬೆರಳಿನಷ್ಟು ದೂರದಲ್ಲಿತ್ತು. ಆದರೂ ಹಿಂದೆ ಎಳೆಯುವ ಕೈ ನಿಲ್ಲಲಿಲ್ಲ.

"ಸಾಕು ಸಮ್ಮೆಲಿ, ಮುಳುಗ್ತೀವಿ," ಅಂದುಬಿಟ್ಟಳು.

ಪಿಸುಮಾತೇ. ಆದರೆ ಅಂದದ್ದು ಅಂದದ್ದೇ. ಹೆಸರು ಹಿಡಿದು ಅಂದದ್ದು.

ಹಗ್ಗದ ಸದ್ದು ನಿಂತಿತು. ದೋಣಿಯೊಳಗೆ ಬಡಿದುಕೊಳ್ಳುತ್ತಿದ್ದ ಮೀನುಗಳು ಕೂಡ ನಿಂತವು, ಎಲ್ಲವೂ, ಒಟ್ಟಿಗೆ. ಅಂಥ ಮೌನ ತಾನು ಯಾವತ್ತೂ ಕೇಳಿಲ್ಲ ಅಂತ ಅನ್ನಿ ನನ್ನ ಕೈ ಹಿಡಿದುಕೊಂಡು ಹೇಳಿದ್ದಳು. ಬೆನ್ನ ಹಿಂದೆ ಅವನು ಈಗ ನಗುತ್ತಾನೆ, ಇಲ್ಲ ಬಯ್ಯುತ್ತಾನೆ ಅಂತ ಕಾದಳು. ಅವನು ಏನೂ ಮಾಡಲಿಲ್ಲ. ಬಹಳ ಹೊತ್ತಾದ ಮೇಲೆ...

ಟಕ್.

ದೋಣಿ ತಿರುಗಿಸಿ ದಡದ ಕಡೆ ಹೊರಟಳು. ಈಗ ಅವಳ ಕಣ್ಣ ಮುಂದೆ ಕೆರೆ, ಬೆನ್ನ ಹಿಂದೆ ಅವನು, ಅವನ ಹಿಂದೆ ದಡ. ಅರ್ಧ ದಾರಿ ಬಂದಿರಬೇಕು. ಹುಟ್ಟಿನಿಂದ ಬೀಳುವ ಹನಿಗಳ ಮೇಲೆ ಒಂದು ಹಳದಿ ಬೆಳಕು ಆಡಿತು. ಲಾಟೀನಿನ ಬೆಳಕು. ದಡದಿಂದ.

"ಏ ಇವಳೇ!"

ಗುಡ್ಡಕ್ಕೆ ಹೊಡೆದು ವಾಪಸ್ ಬರುವಂಥ ದನಿ. ಸಮ್ಮೆಲಿಯ ದನಿ.

"ನಾನಿಲ್ಲಿದೀನಿ ಕಣೇ! ಲಾಟೀನು ತೂಗುಹಾಕಿ ಬರೋದ್ರೊಳಗೆ ಹೊರಟೇಬಿಟ್ಟಿದೀಯಲ್ಲ! ಇಷ್ಟೊತ್ತೂ ಬಾಯಿಗೆ ಟೋಪಿ ತುರುಕ್ಕೊಂಡು ಕೂತಿದ್ದೆ, ಇನ್ನು ಆಗಲ್ಲ... ದೋಣೀಲಿ ಯಾರೇ ಅದು, ನಿನ್ನ ಹಿಂದೆ?"

ಟಕ್ ಟಕ್.

ನಿಲ್ಲಿಸು.

ಅವಳ ಕೈಯಲ್ಲಿ ಹುಟ್ಟು ನಿಂತಿತು. ಇಬ್ಬರಲ್ಲಿ ಸಮ್ಮೆಲಿ ಯಾರು? ಹಿಂದೆ ತೋಳಿನಳತೆಯಲ್ಲಿ ಕೂತವನೋ, ದಡದಲ್ಲಿ ಕೂಗುವವನೋ? ತಿರುಗಿದರೆ ಗೊತ್ತಾಗುತ್ತದೆ, ಆದರೆ ತಿರುಗುವ ಹಾಗಿಲ್ಲ. ಗಂಡ ಒಬ್ಬನೇ. ಒಬ್ಬನನ್ನು ಮನೆಗೆ ಕರೆದುಕೊಂಡು ಹೋಗಬೇಕು, ಇನ್ನೊಬ್ಬನನ್ನು ಇಲ್ಲೇ ಬಿಡಬೇಕು. ಬಿಟ್ಟವನೇ ನಿಜವಾದ ಗಂಡ ಆಗಿದ್ದರೆ?

"ಬೇಗ ಬಾರೇ! ಅದು ಏನು ತಟ್ಟಿದ್ರೂ ಕೇಳಬೇಡ!"

ಟಕ್ ಟಕ್. ಟಕ್ ಟಕ್.

ಕೂಗಬಾರದ ಕಡೆ ನಿಂತು ಹೀಗೆ ಕೂಗುವವನು ಈ ಲೋಕದಲ್ಲಿ ಇನ್ಯಾರು? ಈ ಪೆದ್ದ ಅಲ್ಲದೆ ಇನ್ಯಾರು? ಹಾಗಂದುಕೊಂಡಳು. ಇಷ್ಟು ಹೊತ್ತು ಬಾಯಿ ಮುಚ್ಚಿಕೊಂಡಿರುವುದು ಅವನ ಕೈಲಾಗುವ ಮಾತೇ? ಹಾಗೂ ಅಂದುಕೊಂಡಳು. ನಾನಾಗಿದ್ದರೂ ಹಾಗೇ ಅಂದುಕೊಳ್ಳುತ್ತಿದ್ದೆ, ನೀವೂ ಅಷ್ಟೇ. ಹಲ್ಲು ಕಚ್ಚಿ ದನಿಯ ಕಡೆಗೆ ಹುಟ್ಟು ಎಳೆದಳು.

ಹಿಂದೆ ಕೊಡತಿ ಹುಚ್ಚು ಹಿಡಿದ ಹಾಗೆ ಬಡಿಯತೊಡಗಿತು. ಟಕ್ ಟಕ್, ಟಕ್ ಟಕ್, ಟಕ್ ಟಕ್. ಅಂಚಿನ ಮರ ಚಕ್ಕೆ ಏಳುವಷ್ಟು ಜೋರಾಗಿ. ಒಂದು ಮಾತಿಲ್ಲ. ಒಂದು ಉಸಿರಿನ ಸದ್ದು, ಅಳು ನುಂಗುವವರದ್ದು, ಅಷ್ಟೇ. ಜಲ್ಲಿಕಲ್ಲು ಹತ್ತಿರವಾದಾಗ ಬಡಿತ ನಿಂತಿತು. ಅವಳ ಭುಜದ ಮೇಲೆ ಒಂದು ಕೈ ಬಂತು. ಒತ್ತಲಿಲ್ಲ, ಹಿಡಿಯಲಿಲ್ಲ. ಸುಮ್ಮನೆ ಇತ್ತು... ಆಮೇಲೆ ಇರಲಿಲ್ಲ. ದೋಣಿಯ ಮೂತಿ ಮೇಲೆದ್ದಿತು. ನೀರಿಗೆ ಏನೂ ಬಿದ್ದ ಸದ್ದಾಗಲಿಲ್ಲ.

ದೋಣಿಯನ್ನು ಎಳೆದು ದಡಕ್ಕೆ ಹಾಕಿದವನು ಸಮ್ಮೆಲಿ. ಅದೇ ಟೋಪಿ, ಅದೇ ಗಡ್ಡ, ಅದೇ ನಗು.

"ಅಬ್ಬಾ, ಇಷ್ಟೊಂದು ಮೀನಾ! ಮುಟ್ಟಿ ನೋಡೇ ನನ್ನ, ದೆವ್ವ ಗಿವ್ವ ಅಲ್ಲ!"

ಅವನನ್ನು ತಬ್ಬಿಕೊಂಡು ಅತ್ತಳು. ದೋಣಿಯಿಂದ ಇಳಿಯುವಾಗ ಆಸರೆಗೆ ಮೂತಿಯ ಹಲಗೆ ಮೇಲೆ ಕೈ ಇಟ್ಟಿದ್ದಳು. ಆ ಕೊರೆಯುವ ಚಳಿಯಲ್ಲಿ ಹಲಗೆ ಬೆಚ್ಚಗಿತ್ತು. ಆಗಷ್ಟೇ ಯಾರೋ ಎದ್ದು ಹೋದ ಜಾಗದಂತೆ ಬೆಚ್ಚಗಿತ್ತು. ಅದನ್ನು ಅವಳು ಆಗ ಯಾರಿಗೂ ಹೇಳಲಿಲ್ಲ.

ಮನೆಯಲ್ಲಿ ಕೈಸಾ ಎದ್ದೇ ಇದ್ದಳು. ಮಗನನ್ನು ನೋಡಿದಳು. ಬಹಳ ಹೊತ್ತು ನೋಡಿದಳು. ಅವನು ಚಾಚಿದ ಬುಟ್ಟಿಯನ್ನು ತೆಗೆದುಕೊಳ್ಳಲಿಲ್ಲ. ಸೊಸೆಯನ್ನು ಒಲೆ ಹತ್ತಿರ ಕರೆದು ಕೇಳಿದಳು.

"ಅಲ್ಲಿ ಮಾತಾಡಿದ್ಯಾ?"

"ಇಲ್ಲ ಅತ್ತೆ."

ಮುದುಕಿ ಒಲೆ ಬಿಟ್ಟು ಎದ್ದಳು. ಮೀನು ಸೀಳಿ ಉಪ್ಪು ಹಾಕಿದಳು. ಹಿಮ ಬೀಳುವ ಮುಂಚೆ ಗಂಟು ಕಟ್ಟಿಕೊಂಡು ಮಗಳ ಮನೆಗೆ ಹೋದವಳು ತಿರುಗಿ ಬರಲಿಲ್ಲ. ಕಾರಣ ಕೇಳಿದವರಿಗೆಲ್ಲ ಮಂಡಿನೋವು ಅನ್ನುತ್ತಿದ್ದಳು.

ಇಷ್ಟನ್ನೂ ಅನ್ನಿ ನನಗೆ ಹೇಳಿದ್ದು ಆ ಚಳಿಗಾಲದಲ್ಲಿ, ನಾನು ಅವರ ಮನೆಗೆ ಹೋಗಿದ್ದಾಗ. ಇದು ಅವಳ ಬಾಯಿಂದ ಕೇಳಿದ್ದಾಯಿತು. ಇನ್ನು ನಾನು ಕಂಡದ್ದು ಕೇಳಿ.

ಸೂರ್ಯ ಮುಖ ತೋರಿಸದ ದಿನಗಳು. ಉಗುಳು ನೆಲಕ್ಕೆ ಬೀಳುವ ಮೊದಲೇ ಗಟ್ಟಿಯಾಗುವಂಥ ಚಳಿ. ಅಂಗಳದಲ್ಲಿ ಸಮ್ಮೆಲಿ ಸೌದೆ ಒಡೆಯುತ್ತಿದ್ದ, ನಾವಿಬ್ಬರೂ ಕಾಫಿ ಲೋಟ ಹಿಡಿದು ಪಕ್ಕದಲ್ಲಿ ನಿಂತಿದ್ದೆವು. ಅವನು ಎಂದಿನ ಹಾಗೆ ಹರಟುತ್ತಿದ್ದ. ನನ್ನ ಗಂಡನನ್ನು ಅಣಕಿಸಿದ, ಪಾದ್ರಿಯ ಹಾಗೆ ಕೆಮ್ಮಿ ತೋರಿಸಿದ, ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ನಕ್ಕಾಗ ನನ್ನ ಬಾಯಿಂದ ಬಿಳಿ ಉಗಿ ಎದ್ದಿತು. ಅನ್ನಿಯ ಬಾಯಿಂದ ಎದ್ದಿತು. ಬೇಲಿಗೆ ಕಟ್ಟಿದ್ದ ಹಿಮಸಾರಂಗದ ಮೂಗಿನಿಂದ, ಲೋಟದೊಳಗಿನ ಕಾಫಿಯಿಂದ, ಎಲ್ಲದರಿಂದಲೂ ಎದ್ದಿತು. ಅವನು ಬಾಯಿ ತುಂಬ ಮಾತಾಡುತ್ತಲೇ ಇದ್ದ... ಅವನ ಬಾಯಿಂದ ಏನೂ ಏಳಲಿಲ್ಲ.

ನಾನು ನಗು ಬಿಟ್ಟು ಅವನ ಬಾಯಿಯನ್ನೇ ನೋಡಿದೆ. ಅನ್ನಿ ನನ್ನ ಮುಖ ನೋಡಿದಳು. ನಾನು ಕಂಡದ್ದು ಅವಳಿಗೆ ತಿಳಿಯಿತು. ಅವಳ ಕಣ್ಣು ತುಂಬಿತ್ತು, ಆದರೂ ಲೋಟ ಎತ್ತಿ ಒಂದು ಗುಟುಕು ಕುಡಿದಳು.

"ಇವನೂ ಒಳ್ಳೆಯವನೇ ಕಣೇ," ಅಂದಳು, ಮೆಲ್ಲಗೆ.

ನಾನು ಲೋಟದಲ್ಲಿದ್ದ ಕಾಫಿಯನ್ನು ಹಿಮಕ್ಕೆ ಚೆಲ್ಲಿದೆ.

ಚಳಿಗೆ ಕಣ್ಣು ಮಂಜಾಗಿತ್ತು ಅಂತೀರಿ, ಗೊತ್ತು. ನನ್ನ ಗಂಡನೂ ಹಾಗೇ ಅಂದ. ನನ್ನ ಕಣ್ಣು ಇವತ್ತಿಗೂ ಸರಿಯಾಗಿದೆ, ದೀಪವಿಲ್ಲದೆ ಸೂಜಿಗೆ ದಾರ ಪೋಣಿಸುತ್ತೇನೆ. ನಾನು ಹೊರಟು ನಿಂತಾಗ ಅವನು ಬೀಳ್ಕೊಡಲು ತೀರ ಹತ್ತಿರ ಬಂದ. ಆವತ್ತು ಊರಿನ ಗಂಡಸರ ಗಡ್ಡ ಮೀಸೆಯೆಲ್ಲ ಅವರವರ ಉಸಿರಿಗೇ ಹಿಮ ಕಟ್ಟಿ ಬೆಳ್ಳಗಾಗಿತ್ತು. ಅವನ ಮೀಸೆ ಒಣಗಿತ್ತು.