ಕರೆಂಟ್ ಮನೆ ಹಿಂದೆ ಕುರಿ ತೊಳೆದಿದ್ದು

ಅದೇ ಕಣ್ರಪ್ಪಾ ನಾನು ಹೇಳಿದ್ದು, ಆವತ್ತು ಮಳೆ ಇಲ್ಲ, ಮೋಡ ಇಲ್ಲ, ನೆತ್ತಿ ಮೇಲೆ ಬಿಸಿಲು, ನೀರು ಏರೋಕೆ ಕಾರಣಾನೇ ಇರಲಿಲ್ಲ. ಕೋಡಿಹಳ್ಳಿ ಆಚೆ ಹೊಳೆ ಪಕ್ಕ ಸಣ್ಣದೊಂದು ಕರೆಂಟ್ ಮನೆ, ಅದರ ಹಿಂದ್ಗಡೆ ಕಾಲುವೆ. ಆಗ ನಂದು ಉಣ್ಣೆ ವ್ಯಾಪಾರ, ಅಲ್ಲಲ್ಲ, ಕುರೀನೂ ಇತ್ತು, ಉಣ್ಣೇನೂ ಇತ್ತು. ಕೊಳೆ ಉಣ್ಣೆ ಯಾರೂ ಕೊಳ್ಳಲ್ಲ, ಕತ್ತರಿಸೋಕೆ ಮುಂಚೆ ಕುರಿ ತೊಳೀಬೇಕು. ಆ ಕಾಲುವೆಗೆ ಕಲ್ಲು ಕಟ್ಟವ್ರೆ, ಕೆಸರಿಲ್ಲ, ಮೊಣಕಾಲುದ್ದ ತಿಳಿನೀರು. ಪುಕ್ಕಟೆ ಇಂಥ ಜಾಗ ಇನ್ನೆಲ್ಲಿ ಸಿಕ್ತದೆ ಅಂದ್ಕಂಡೆ. ನಿಮ್ಮಜ್ಜಿ ತಮ್ಮ ಚಿಕ್ಕಣ್ಣನ ಸೊಂಟಕ್ಕೆ ಟಗರಿನ ಹಗ್ಗ ಬಿಗಿದು ಇಳಿಸ್ದೆ. ನಮ್ಮಲ್ಲಿ ಹಂಗೇಯ, ಟಗರು ನಿಂತ ಕಡೆ ಮಂದೆ ನಿಲ್ತದೆ, ತೊಳೆಯೋನಿಗೆ ಎರಡು ಕೈನೂ ಖಾಲಿ.

ಕರೆಂಟ್ ಮನೇಲಿ ಸೈರನ್ ಕೂಗ್ತು. “ಊಟಕ್ಕೆ ಬುಟ್ರು ಕಣ್ಲಾ” ಅಂದೆ, ರೇಷ್ಮೆ ಮಿಲ್ಲಲ್ಲಿ ಕೂಗ್ತದಲ್ಲ, ಹಂಗೆ ಅಂದ್ಕಂಡು. ಅವನು ನಗ್ತಾ, “ಅವರಿಗೆ ಊಟ, ನಂಗೆ ಕುರಿ ಬಾಲ, ಅಲ್ವಾ ಬಾವ?” ಅಂದ. ಅಷ್ಟೇಯ. ಬುಸ್ ಅಂತ ನೀರು ಬಂದ್ಬುಡ್ತು. ತೊಡೆ, ಸೊಂಟ, ಎದೆ, ಅನ್ನೋಷ್ಟ್ರಲ್ಲಿ ಟಗರು ಕೊಚ್ಕಂಡು ಹೋಯ್ತು, ಹಗ್ಗ ಎಳೀತು, ಇವನು ಮುಖ ಅಡಿಯಾಗಿ ಬಿದ್ದ. ದಡದ ಮೇಲೆ ಕತ್ತರಿ ಹಿಡ್ಕಂಡು ಓಡ್ತಾ ನಾನು ಏನು ಕೂಗ್ದೆ ಗೊತ್ತಾ? “ಟಗರು ಬುಡಬ್ಯಾಡ ಕಣ್ಲಾ!” ಅಂತ. ನನ್ನ ಬಾಯೇ ಕಣ್ರೋ ಕೂಗಿದ್ದು. ಆಮೇಲೆ ಕಾಲುವೆಗೆ ಇಳಿಯೋ ಮೆಟ್ಟಿಲ ಹತ್ರ ಅವನ ಕೂದಲು ಕೈಗೆ ಸಿಕ್ತು, ಹಗ್ಗ ಕತ್ತರಿಸ್ದೆ. ಟಗರು ಹೋಯ್ತು, ಅದರ ಹಿಂದೇನೇ ಅರ್ಧ ಮಂದೆ ಹೋಯ್ತು.

ಕರೆಂಟ್ ಮನೆಯೋನು ಓಡ್ಬಂದ. “ಸೈರನ್ ಕೂಗಿದ್ದು ಕೇಳಲಿಲ್ವೇನ್ರೀ ಯಜಮಾನ್ರೇ? ಮಿಷಿನ್ ಸುರು ಮಾಡೋಕೆ ಮುಂಚೆ ಅದಕ್ಕೇ ಕೂಗ್ಸೋದು!” ಒಳಗೆ ಕರ್ಕಂಡೋಗಿ ತೋರಿಸ್ದ. ಮೇಲೆ ಕಟ್ಟೆ ಕಟ್ಟಿ ನೀರು ತಡೆದವ್ರೆ, ಅಲ್ಲಿಂದ ದಪ್ಪ ಪೈಪಲ್ಲಿ ಇಳಿಜಾರಿಗೆ ಬುಡ್ತಾರೆ, ಬಿದ್ದ ರಭಸಕ್ಕೆ ಕೆಳಗೊಂದು ಚಕ್ರ ತಿರುಗ್ತದೆ, ಚಕ್ರದ ಜೊತೆ ಜನರೇಟರ್ ತಿರುಗ್ತದೆ, ಕರೆಂಟು ತಂತಿಗೆ ಹೋಯ್ತದೆ. ನೀರು? ಒಂದು ತೊಟ್ಟೂ ಖರ್ಚಾಗಲ್ವಂತೆ, ಅಷ್ಟೂ ಹಿಂದ್ಗಡೆ ಕಾಲುವೆಗೆ ಬತ್ತದೆ. ನಾವು ಇಳಿದಾಗ ಮಿಷಿನ್ ನಿಲ್ಲಿಸಿದ್ರು, ಅದಕ್ಕೇ ನಮಗೆ ಮೊಣಕಾಲುದ್ದ ಕಂಡಿದ್ದು.

ಬರೋವಾಗ ಚಿಕ್ಕಣ್ಣ ಗಡಗಡ ನಡುಗ್ತಾ, “ಬಾವ, ಮೊದ್ಲು ಏನಂತ ಕೂಗ್ದೆ ನೀನು?” ಅಂದ. ಕೇಳಿಸ್ಕಂಡಿದ್ದ ಅವನು. ನಾನು ಉಳಿದ ಕುರಿ ಅಟ್ಕಂಡು ಮುಂದೆ ಮುಂದೆ ನಡೆದೆ. ಆವತ್ತಿಂದ ಅವನು ನನ್ನ ಕೆಲಸಕ್ಕೆ ಬರಲಿಲ್ಲ, ನಾನೂ ಕರೀಲಿಲ್ಲ, ಯಾವ ಮುಖ ಇಟ್ಕಂಡು ಕರೀಲಿ? ನೀವು ನಾಳೆ ಏನೇ ವ್ಯಾಪಾರ ಮಾಡ್ರಪ್ಪಾ, ನಿಮ್ಮ ಮಾಲನ್ನ ಇನ್ನೊಬ್ಬನ ಸೊಂಟಕ್ಕೆ ಕಟ್ಟಿ ನೀರಿಗೆ ಇಳಿಸಬ್ಯಾಡಿ.